ಹರಾಜು ಪಟ್ಟಿಯೊಂದನ್ನು ದುಡ್ಡು ಕೊಟ್ಟು ಕೊಂಡವನ ಅಭಿಪ್ರಾಯ

ಹದಿನೇಳನೆಯ ಶತಮಾನದ ಇಂಗ್ಲಿಷ್ ವೈದ್ಯ, ಗದ್ಯಲೇಖಕ ಸರ್ ಥಾಮಸ್ ಬ್ರೌನ್ ಮತ್ತು ಆತನ ಮಗ ಎಡ್ವರ್ಡ್ ಇಟ್ಟುಕೊಂಡಿದ್ದ ಪುಸ್ತಕಗಳ ಹರಾಜು ಪಟ್ಟಿಯ ಯಥಾಪ್ರತಿ ಇದು. ಪೀಠಿಕೆ, ಟಿಪ್ಪಣಿ, ಅಕಾರಾದಿ ಸೂಚಿ ಸೇರಿಸಿ ಜೆರೆಮಯ ಫಿಂಚ್ 1986ರಲ್ಲಿ ಹೊರತಂದದ್ದು. ಕಥೆಯಿಲ್ಲ, ಚಿತ್ರವಿಲ್ಲ, ಪುಟದ ತುಂಬ ಬರೀ ಹೆಸರುಗಳು. ಗ್ರಂಥಾಲಯದಲ್ಲಿ ಪಟ್ಟಿ ಮಾಡುತ್ತಲೇ ನಿವೃತ್ತನಾದ ನನಗೆ ಇದಕ್ಕಿಂತ ರುಚಿಯಾದ ಓದು ಈಚೆಗೆ ಸಿಕ್ಕಿರಲಿಲ್ಲ.

ಬ್ರೌನ್ 1605ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್, ಮಾಂಪೆಲಿಯೆ, ಪಾದುವಾ, ಲೈಡನ್‌ಗಳಲ್ಲಿ ಕಲಿತು, ನಾರ್ವಿಚ್‌ನಲ್ಲಿ ವೈದ್ಯನಾಗಿ ನೆಲೆ ನಿಂತವನು. ಆನೆಯ ಕಾಲಿಗೆ ಕೀಲಿಲ್ಲ ಎಂಬಂಥ ತಪ್ಪುನಂಬಿಕೆಗಳನ್ನೆಲ್ಲ ಜಾಲಾಡಿ 1646ರಲ್ಲಿ ದಪ್ಪ ಗ್ರಂಥ ಬರೆದ. ನಾರ್ಫಕ್‌ನ ಹೊಲವೊಂದರಲ್ಲಿ ಸಿಕ್ಕಿದ ಚಿತಾಭಸ್ಮದ ಮಡಕೆಗಳ ಮೇಲೆ 1658ರಲ್ಲಿ ಇನ್ನೊಂದು ಪುಸ್ತಕ. ಅವು ರೋಮನ್ನರವು ಎಂದು ತಿಳಿದ, ಅಸಲಿಗೆ ಸ್ಯಾಕ್ಸನ್ನರವು. ಊರ ತಪ್ಪುಗಳನ್ನೆಲ್ಲ ತಿದ್ದಿದವನಿಗೂ ಒಂದು ತಪ್ಪು ಇರಲಿ ಬಿಡಿ.

ಬ್ರೌನ್ 1682ರಲ್ಲಿ ತೀರಿಕೊಂಡ. ಮಗ ಎಡ್ವರ್ಡ್ ಕೂಡ ಹೆಸರಾಂತ ವೈದ್ಯ, ಲಂಡನ್ನಿನ ವೈದ್ಯರ ಕಾಲೇಜಿನ ಅಧ್ಯಕ್ಷನಾದವನು. 1708ರಲ್ಲಿ ಆತನೂ, 1710ರಲ್ಲಿ ಮೊಮ್ಮಗನೂ ಹೋದರು. ಬ್ಯಾಲರ್ಡ್ ಎಂಬ ಪುಸ್ತಕ ವ್ಯಾಪಾರಿ 1711ರ ಜನವರಿ 8, ಸೋಮವಾರ, ಲಡ್‌ಗೇಟ್ ಬಳಿಯ ಬ್ಲ್ಯಾಕ್ ಬಾಯ್ ಕಾಫಿ ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಹರಾಜಿಗಿಟ್ಟ. ಅಪ್ಪನದು ಯಾವುದು, ಮಗನದು ಯಾವುದು ಎಂದು ಒಂದು ಗುರುತನ್ನಾದರೂ ಹಾಕಬಾರದಿತ್ತೆ ಈ ಪುಣ್ಯಾತ್ಮ! ಅವನಿಗೆ ಬೇಕಿದ್ದದ್ದು ಗಿರಾಕಿ. ಗಾತ್ರ ನೋಡಿ ದೊಡ್ಡ ಹಾಳೆಯವು ಒಂದು ಕಡೆ, ಅದರ ಅರ್ಧದವು ಇನ್ನೊಂದು ಕಡೆ, ಕೈಹಿಡಿಯವು ಮತ್ತೊಂದು ಕಡೆ. ಅದರೊಳಗೆ ವಿಷಯ, ಭಾಷೆ ನೋಡಿ ವಿಂಗಡಣೆ. ಹೀಗಾಗಿ ಒಬ್ಬನೇ ಲೇಖಕ ನಾಲ್ಕಾರು ಕಡೆ ಚೆದುರಿಹೋಗಿರುತ್ತಾನೆ. ಆ ಕಾಲದ ಜರ್ಮನ್ ಪಾದ್ರಿ, ಪಂಡಿತ ಕಿರ್ಚರ್‌ನನ್ನು ಹುಡುಕಲು ಹೊರಟಾಗ ಸೂಚಿಯ ಬೆಲೆ ಗೊತ್ತಾಯಿತು. ಅದಿಲ್ಲದಿದ್ದರೆ ಈ ಪುಸ್ತಕ ನನಗೆ ದಂಡ.

ಕೊಳ್ಳುವವರು ಪೆನ್ಸಿಲ್ ಹಿಡಿದು ಕೂರಬೇಕು. ಸಾಲಿನ ಕೊನೆಯಲ್ಲಿರುವ ಮುದ್ರಣದ ವರ್ಷ ನೋಡಿ. 1682ರ ನಂತರದ್ದಾದರೆ ತಂದೆಯ ಲೆಕ್ಕದಿಂದ ತೆಗೆದುಬಿಡಿ. ಅದಕ್ಕೂ ಹಿಂದಿನದಾದರೆ ಆತನದೇ ಎನ್ನುವಂತಿಲ್ಲ. ಹಂಗೇರಿ, ಥೆಸಲಿವರೆಗೆ ತಿರುಗಿ ಪ್ರವಾಸಕಥನ ಬರೆದ ಎಡ್ವರ್ಡ್‌ಗೂ ಪುಸ್ತಕದ ಹುಚ್ಚು ಕಡಿಮೆಯಿರಲಿಲ್ಲ. ಪಟ್ಟಿಯ ಯಾವುದೋ ಸಾಲು ತೋರಿಸಿ ‘ಬ್ರೌನ್ ಇದನ್ನು ಓದಿದ್ದ’ ಎಂದು ಬರೆಯುವ ಪಂಡಿತರು ಇಷ್ಟು ಮಾತ್ರದ ಎಚ್ಚರವನ್ನೂ ಇಟ್ಟುಕೊಳ್ಳುವುದಿಲ್ಲ ಎಂಬುದು ನನ್ನ ಸಿಟ್ಟು. ಕಪಾಟಿನಲ್ಲಿ ಇದ್ದದ್ದೆಲ್ಲ ಓದಿದ್ದಲ್ಲ. ಓದಿದ್ದೆಲ್ಲ ಕಪಾಟಿನಲ್ಲಿ ಉಳಿದಿರುವುದೂ ಇಲ್ಲ.

ಓದಿಗೆ ಬೇರೆ ಸಾಕ್ಷಿಯಿದೆ. ಮಗಳು ಎಲಿಜಬೆತ್ ರಾತ್ರಿ ಹೊತ್ತು ತನಗೆ ಓದಿ ಹೇಳಿದ ಪುಸ್ತಕಗಳನ್ನು ಬ್ರೌನ್ ಬರೆದಿಟ್ಟಿದ್ದಾನೆ. ತುರ್ಕರ ಇತಿಹಾಸದ ಭಾರಿ ಸಂಪುಟವೂ ಅದರಲ್ಲಿದೆ. ಆ ದಪ್ಪ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ ಆ ಹುಡುಗಿಯ ಗಂಟಲನ್ನು ನೆನೆದರೆ ಕನಿಕರವಾಗುತ್ತದೆ. ಅಂಥ ಒಂದು ಚೀಟಿ ಬ್ಯಾಲರ್ಡ್‌ನ ನೂರು ಸಾಲಿಗೆ ಸಮ.

ಇನ್ನೊಂದು ತಮಾಷೆ: ಎಲ್ಲೂ ಇಲ್ಲದ ಪುಸ್ತಕಗಳ ಪಟ್ಟಿಯನ್ನೂ ಬ್ರೌನ್ ಕಲ್ಪಿಸಿ ಬರೆದಿದ್ದ. ರೋಮನ್ ಕವಿ ಓವಿಡ್ ಕಪ್ಪು ಸಮುದ್ರದ ದಂಡೆಗೆ ಗಡೀಪಾರಾಗಿದ್ದಾಗ ಅಲ್ಲಿನವರ ಗೆಟಿಕ್ ಭಾಷೆಯಲ್ಲಿ ಬರೆದ ಕವಿತೆ ಅದರಲ್ಲಿ ಒಂದು. ಆ ಕಲ್ಪನೆಯ ಪಟ್ಟಿ ಅಚ್ಚಾದದ್ದು ಬ್ರೌನ್ ಸತ್ತ ಮೇಲೆ, 1684ರಲ್ಲಿ. ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ ನೋಡಿ.

ಬ್ರೌನನ ಗದ್ಯವನ್ನು ಇನ್ನೂ ಓದದವರು ಇದನ್ನು ಕೊಳ್ಳಬೇಡಿ, ಮಡಕೆಯ ಪುಸ್ತಕದಿಂದ ಶುರು ಮಾಡಿ. ಬ್ರೌನನ ಹಸ್ತಪ್ರತಿ ಬೇಕೆನ್ನುವವರು ಬ್ರಿಟಿಷ್ ಲೈಬ್ರರಿಯ ಸ್ಲೋನ್ ಸಂಗ್ರಹ ಹುಡುಕಬೇಕು. ನನ್ನದು ಸೆಕೆಂಡ್ ಹ್ಯಾಂಡ್ ಪ್ರತಿ. ‘ಉತ್ತಮ ಸ್ಥಿತಿ’ ಎಂದು ಬರೆದಿದ್ದ ಮಾರಾಟಗಾರರು ತೆಳುವಾದ ಲಕೋಟೆಯಲ್ಲಿ ತುರುಕಿ ಕಳುಹಿಸಿದ್ದರಿಂದ ರಟ್ಟಿನ ಮೂಲೆ ಮುದುಡಿದೆ. ಪುಸ್ತಕಕ್ಕೆ ಐದರಲ್ಲಿ ನಾಲ್ಕೂವರೆ, ಕಟ್ಟಿ ಕಳುಹಿಸಿದವರಿಗೆ ಒಂದು.