ಕ್ರೂಸ್‌ನಿಂದ ಇಳಿದು ಒಂದು ದಿನದ ಕೊಚ್ಚಿ: ಮೊದಲು ವಾರ ನೋಡಿಕೊಳ್ಳಿ

ಹಡಗು ಕೊಚ್ಚಿಯಲ್ಲಿ ನಿಲ್ಲುವ ಏಳೆಂಟು ಗಂಟೆಗೆ ಹಡಗಿನವರ ಟೂರ್ ಪ್ಯಾಕೇಜ್ ಬೇಕೇ? ನಡೆಯಬಲ್ಲವರಿಗೆ ಬೇಡ. ನೋಡಬೇಕಾದ್ದು ಬಹುಪಾಲು ಮಟ್ಟಂಚೇರಿ ಮತ್ತು ಫೋರ್ಟ್ ಕೊಚ್ಚಿಯಲ್ಲೇ ಇದೆ. ಎರಡರ ನಡುವೆ ಆಟೋದಲ್ಲಿ ಹತ್ತು ನಿಮಿಷ. ಆದರೆ ಕ್ರೂಸ್ ಬುಕ್ ಮಾಡುವ ಮೊದಲೇ ಹಡಗು ಅಲ್ಲಿ ವಾರದ ಯಾವ ದಿನ ನಿಲ್ಲುತ್ತದೆಂದು ನೋಡಿಕೊಳ್ಳಿ. ಶುಕ್ರವಾರ ಮಟ್ಟಂಚೇರಿಯ ಡಚ್ ಅರಮನೆಗೂ ಅಲ್ಲಿನ ಸಿನಗಾಗ್‌ಗೂ (ಯಹೂದಿಗಳ ಪ್ರಾರ್ಥನಾ ಮಂದಿರ) ಬೀಗ. ಶನಿವಾರ, ಯಹೂದಿ ಹಬ್ಬಗಳಂದು ಸಿನಗಾಗ್ ಇಲ್ಲ. ಭಾನುವಾರ ಬೆಳಿಗ್ಗೆ ಚರ್ಚುಗಳಲ್ಲಿ ಪ್ರಾರ್ಥನೆ.

ಹಡಗು ಬರುವುದು ವಿಲ್ಲಿಂಗ್ಡನ್ ದ್ವೀಪದ ಧಕ್ಕೆಗೆ. ಮಟ್ಟಂಚೇರಿ ನೀರಿನಾಚೆ ಹತ್ತಿರದಲ್ಲೇ ಇದ್ದರೂ ರಸ್ತೆ ತೋಪ್ಪುಂಪಡಿ ಸುತ್ತಿ ಹೋಗುತ್ತದೆ. ಬಂದರಿನ ಗೇಟ್ ದಾಟಿ ಆಟೋ ಹಿಡಿಯಿರಿ, ಬಾಡಿಗೆ ಮೊದಲೇ ಮಾತಾಡಿ. "ನೂರು ರೂಪಾಯಿಗೆ ಊರೆಲ್ಲ ತೋರಿಸ್ತೀನಿ" ಎಂದರೆ ಹತ್ತಬೇಡಿ. ಉಳಿದ ದುಡ್ಡು ಮಸಾಲೆ, ಕರಕುಶಲ ಅಂಗಡಿಗಳ ಕಮಿಷನ್ನಿನಿಂದ ಬರುತ್ತದೆ, ಒಂದೊಂದು ಅಂಗಡಿಗೂ ನಿಮ್ಮ ಅರ್ಧ ಗಂಟೆ ಹೋಗುತ್ತದೆ.

ಮಟ್ಟಂಚೇರಿಯಿಂದಲೇ ಶುರು ಮಾಡಿ, ಏಕೆಂದರೆ ಸಿನಗಾಗ್ ಮಧ್ಯಾಹ್ನ ಒಂದರಿಂದ ಮೂರರವರೆಗೆ ಮುಚ್ಚಿರುತ್ತದೆ. 1568ರ ಕಟ್ಟಡ, ನೆಲಕ್ಕೆ ಹಾಸಿದ ಚೀನಾದ ನೀಲಿ-ಬಿಳಿ ಹಂಚುಗಳು ಕೈಯಲ್ಲಿ ಚಿತ್ರಿಸಿದವು. ಚಪ್ಪಲಿ ಹೊರಗೆ; ಚಡ್ಡಿ, ತೋಳಿಲ್ಲದ ಅಂಗಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಪಕ್ಕದ ಅರಮನೆಯನ್ನು ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟರು; ಡಚ್ಚರು ರಿಪೇರಿ ಮಾಡಿಸಿದ್ದಕ್ಕೆ ಅವರ ಹೆಸರು ಅಂಟಿಕೊಂಡಿತು. ಹೊರಗಿನಿಂದ ಸಪ್ಪೆ. ಒಳಗೆ, ರಾಜರ ಮಲಗುವ ಕೋಣೆಯ ಗೋಡೆಗಳ ರಾಮಾಯಣ ಇಡೀ ದಿನದ ಅತ್ಯುತ್ತಮ ನೋಟ. ಅಲ್ಲಿಗೇ ಮುಕ್ಕಾಲು ಗಂಟೆ ಕೊಡಿ. ಫೋಟೊ ತೆಗೆಯುವಂತಿಲ್ಲ, ಮೇಲೇರಲು ಮೆಟ್ಟಿಲುಗಳಿವೆ.

ಸಸ್ಯಾಹಾರಿಗಳಿಗೆ ಊಟವೂ ಇಲ್ಲೇ ಸಲೀಸು: ಗುಜರಾತಿ ರಸ್ತೆ ಇದೆ, ಚೆರಳಾಯಿಯಲ್ಲಿ ತಿರುಮಲ ದೇವಸ್ಥಾನದ ಸುತ್ತ ಕೊಂಕಣಿಗರಿದ್ದಾರೆ. ನಮ್ಮ ಕರಾವಳಿಯವರಿಗೆ ಮಾತೂ ಅರ್ಥವಾದೀತು.

ಫೋರ್ಟ್ ಕೊಚ್ಚಿಯನ್ನು ಕಾಲ್ನಡಿಗೆಯಲ್ಲೇ ಮುಗಿಸಬಹುದು. ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿ ಕಲ್ಲು ಮಾತ್ರ ಇದೆ. 1524ರಲ್ಲಿ ಇಲ್ಲೇ ಸತ್ತ, ಅವಶೇಷಗಳನ್ನು ಆಮೇಲೆ ಪೋರ್ಚುಗಲ್‌ಗೆ ಒಯ್ದರು. ದಡದಲ್ಲಿ ನೆಟ್ಟ ದೊಡ್ಡ ಚೀನೀ ಮೀನುಬಲೆಗಳ ಬಗ್ಗೆ ಹೊಗಳಿಕೆ ಸ್ವಲ್ಪ ಜಾಸ್ತಿಯೇ. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರಕ್ಕೆ ಬಲೆ ಮೇಲೇಳುವ ಚಮತ್ಕಾರ ಚೆನ್ನ, ಆದರೆ ಉಬ್ಬರವಿಳಿತ ಹೊಂದದಿದ್ದರೆ ಬಲೆ ಸುಮ್ಮನೆ ತೂಗುತ್ತಿರುತ್ತದೆ. "ಬನ್ನಿ, ಹಗ್ಗ ಎಳೆಯಿರಿ" ಎಂದು ಕರೆದವರು ಕೊನೆಗೆ ದುಡ್ಡು ಕೇಳುತ್ತಾರೆ.

ವಾಪಸಾತಿಗೆ ಫೋರ್ಟ್ ಕೊಚ್ಚಿ–ಹೈಕೋರ್ಟ್ ವಾಟರ್ ಮೆಟ್ರೊ ದೋಣಿಯನ್ನು ನೆಚ್ಚಬೇಡಿ. ರಜಾದಿನ ಉದ್ದ ಸಾಲು, ಮೇಲಾಗಿ ಅದು ಇಳಿಸುವುದು ಎರ್ನಾಕುಲಂನಲ್ಲಿ, ಹಡಗು ನಿಂತ ದ್ವೀಪದಲ್ಲಲ್ಲ. ಸಂಜೆ ತೋಪ್ಪುಂಪಡಿಯಲ್ಲಿ ವಾಹನ ಜಾಮ್ ಆಗುತ್ತದೆ; ಹಡಗು ಹತ್ತಲು ಕೊಟ್ಟ ಕೊನೆಯ ಗಡುವಿಗೆ ಒಂದೂವರೆ ಗಂಟೆ ಮುಂಚೆ ಹೊರಡಿ. ಹಡಗಿನ ಟೂರ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಆ ಪ್ಯಾಕೇಜಿನಲ್ಲಿ ದುಡ್ಡಿಗೆ ತಕ್ಕದ್ದು ಇದೊಂದೇ.