ಡಬ್ಲಿನ್ನಿನ ಡಿಗ್ಸ್: ರಾತ್ರಿ ಒಂದು ಗಂಟೆಗೆ ನೋಡಬೇಕಾದ ಮನೆ

ಡಬ್ಲಿನ್ನಿಗೆ ಓದಲು ಹೋದವರಿಗೆ ಕಾಲೇಜಿನ ಹಾಸ್ಟೆಲ್ ಸಿಗದಿದ್ದರೆ ಮೊದಲು ಕಿವಿಗೆ ಬೀಳುವ ಮಾತು ‘ಡಿಗ್ಸ್’. ಮನೆಯವರು ತಾವು ವಾಸವಿರುವ ಮನೆಯಲ್ಲೇ ಒಂದು ಕೋಣೆಯನ್ನು ವಿದ್ಯಾರ್ಥಿಗೆ ಬಾಡಿಗೆಗೆ ಕೊಡುವ ಏರ್ಪಾಡು ಇದು. ಬೇರೆ ಕಡೆ ಹೋಮ್‌ಸ್ಟೇ ಅನ್ನುತ್ತಾರೆ. ಕೋಣೆ ನೋಡಲು ಹೋಗುವವರು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಹೋಗುತ್ತಾರೆ. ಹಾಸಿಗೆ ಒತ್ತಿ ನೋಡುತ್ತಾರೆ, ವೈಫೈ ವಿಚಾರಿಸುತ್ತಾರೆ, ಹಿತ್ತಲಿನ ಹುಲ್ಲು ಕಂಡು ಖುಷಿಪಡುತ್ತಾರೆ. ಆ ಹೊತ್ತಿನಲ್ಲಿ ಯಾವ ಮನೆಯೂ ಕೆಟ್ಟದಾಗಿ ಕಾಣುವುದಿಲ್ಲ. ಅಂಕ ಕೊಡಬೇಕಾದ ಹೊತ್ತು ಬುಧವಾರ ರಾತ್ರಿ ಒಂದು ಗಂಟೆ. ಪೇಟೆಯಿಂದ ಬಸ್ಸಿದೆಯೇ, ಬಾಗಿಲು ಸದ್ದಿಲ್ಲದೆ ತೆರೆಯುತ್ತದೆಯೇ, ಒಳಗೆ ಬೆಚ್ಚಗಿದೆಯೇ ಅನ್ನುವುದು ಆಗ ಗೊತ್ತಾಗುತ್ತದೆ.

ಬುಧವಾರವೇ ಯಾಕೆ? ಐರ್ಲೆಂಡಿನ ಬೇರೆ ಕೌಂಟಿಗಳಿಂದ ಬಂದ ವಿದ್ಯಾರ್ಥಿಗಳು ಶುಕ್ರವಾರ ಸಂಜೆ ಬ್ಯಾಗು ಹೊತ್ತು ಊರಿಗೆ ಹೊರಟುಬಿಡುತ್ತಾರೆ. ಅವರಿಗಾಗಿಯೇ ‘ಐದು ದಿನದ ಡಿಗ್ಸ್’ ಇದೆ: ಸೋಮವಾರದಿಂದ ಶುಕ್ರವಾರದವರೆಗೆ ಕೋಣೆ ನಿಮ್ಮದು, ವಾರಾಂತ್ಯಕ್ಕೆ ಖಾಲಿ ಮಾಡಬೇಕು. ಹಾಗಾಗಿ ಇಲ್ಲಿನ ವಿದ್ಯಾರ್ಥಿಗಳ ರಾತ್ರಿ ಅಂದರೆ ವಾರದ ನಡುವಿನ ದಿನಗಳು, ಹೆಚ್ಚೆಂದರೆ ಗುರುವಾರ. ಶುಕ್ರವಾರ, ಶನಿವಾರ ಆಫೀಸಿನವರದು, ಪ್ರವಾಸಿಗಳದು. ದೂರದ ದೇಶದಿಂದ ಬಂದವರು ಬಾಡಿಗೆ ಕಡಿಮೆ ಅಂತ ಐದು ದಿನದ ಕೋಣೆ ಹಿಡಿದರೆ ಪ್ರತಿ ಶುಕ್ರವಾರವೂ ಸೂಟ್‌ಕೇಸು ಹಿಡಿದು ಎಲ್ಲಿಗೆ ಹೋಗುವುದು ಅನ್ನುವ ಚಿಂತೆ. ಜಾಹೀರಾತಿನಲ್ಲಿ ‘ಮಂಡೆ ಟು ಫ್ರೈಡೆ’ ಅನ್ನುವುದು ಸಣ್ಣ ಅಕ್ಷರದಲ್ಲಿರುತ್ತದೆ, ಕಣ್ಣಿಟ್ಟು ಓದಿ.

ಬಸ್ಸಿನ ತೊಡಕು ಶುರುವಾಗುವುದೂ ಇಲ್ಲೇ. ‘ನೈಟ್‌ಲಿಂಕ್’ ಅನ್ನುವ ರಾತ್ರಿ ಬಸ್ಸು ಓಡುವುದು ಶುಕ್ರವಾರ ಮತ್ತು ಶನಿವಾರ ರಾತ್ರಿ ಮಾತ್ರ. ಅದೂ ಪೇಟೆಯಿಂದ ಹೊರಕ್ಕೆ ಹೋಗುತ್ತದೆಯೇ ಹೊರತು ಒಳಕ್ಕೆ ಬರುವುದಿಲ್ಲ. ವಿದ್ಯಾರ್ಥಿಗಳು ಹೊರಗಿರುವ ಬುಧವಾರ ಅದರ ಸುಳಿವೂ ಇಲ್ಲ. ಲುವಾಸ್ ಟ್ರಾಮು ಸೋಮವಾರದಿಂದ ಶನಿವಾರ ಸುಮಾರು ಹನ್ನೆರಡೂವರೆಗೆ, ಭಾನುವಾರ ಹನ್ನೊಂದೂವರೆಗೆ ಕೊನೆ. ಉಳಿದದ್ದು ಇಪ್ಪತ್ತನಾಲ್ಕು ಗಂಟೆಯ ಬಸ್ಸುಗಳು: 15, 39ಎ, 41, ಜಿ1 ಮೊದಲಾದ ಕೆಲವೇ ಮಾರ್ಗಗಳು. ನಡುರಾತ್ರಿಯ ನಂತರ ಇವು ಅರ್ಧ ಗಂಟೆಗೋ ಒಂದು ಗಂಟೆಗೋ ಒಂದು. ಆದ್ದರಿಂದ ಕೋಣೆಯ ಫೋಟೋ ನೋಡುವ ಮೊದಲೇ ಮನೆಯವರಿಂದ ಏರ್‌ಕೋಡ್ ಕೇಳಿ. ಏಳು ಅಕ್ಷರ-ಅಂಕಿಗಳ ಈ ಗುರುತು ಪ್ರತಿ ಮನೆಗೂ ಬೇರೆಬೇರೆ. ಪಿನ್‌ಕೋಡಿನಂತೆ ಇಡೀ ಬಡಾವಣೆಗೆ ಒಂದೇ ಇರುವುದಿಲ್ಲ. ಅದನ್ನು ಬಸ್ಸು-ಟ್ರಾಮಿನ ದಾರಿ ತೋರಿಸುವ ಟಿಎಫ್‌ಐ ಆ್ಯಪಿಗೆ ಹಾಕಿ, ಹೊರಡುವ ಹೊತ್ತು ಬುಧವಾರ ರಾತ್ರಿ ಒಂದು ಗಂಟೆ ಅಂತ ಕೊಟ್ಟು ನೋಡಿ. ನಿಲ್ದಾಣದಿಂದ ಮನೆಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ನಡಿಗೆ ತೋರಿಸಿದರೆ ನವೆಂಬರಿನ ಮಳೆಗಾಳಿಯಲ್ಲಿ ಆ ದಾರಿ ಹೇಗಿರುತ್ತದೆ ಅಂತ ಯೋಚಿಸಿ. ಬೆಲ್‌ಫೀಲ್ಡಿನ ಯುಸಿಡಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ 39ಎ ಹಾದುಹೋಗುವ ಬೀದಿಯಲ್ಲಿ ಸಿಗುವ ಸಾಧಾರಣ ಕೋಣೆಯೂ, ಬಸ್ಸಿಲ್ಲದ ಬಡಾವಣೆಯ ಚೆಂದದ ಕೋಣೆಗಿಂತ ಮೇಲು.

ಬಸ್ಸು, ಟ್ರಾಮಿನಲ್ಲಿ ಮುಟ್ಟಿಸಿ ದುಡ್ಡು ಕೊಡುವ ವಿದ್ಯಾರ್ಥಿ ಲೀಪ್ ಕಾರ್ಡನ್ನು ಮೊದಲ ವಾರವೇ ಮಾಡಿಸಿ. ಅದರಲ್ಲಿ ಒಂದು ಯೂರೋಗೆ ತೊಂಬತ್ತು ನಿಮಿಷ, ನಡುವೆ ಬಸ್ಸಿನಿಂದ ಲುವಾಸಿಗೆ ಬದಲಾಯಿಸಿದರೂ ಅಷ್ಟೇ. ದೊಡ್ಡವರ ಕಾರ್ಡಿಗೆ ಎರಡು ಯೂರೋ. ಡಬ್ಲಿನ್ ಬಸ್ಸಿನ ಚಾಲಕ ನೋಟು ಮುಟ್ಟುವುದಿಲ್ಲ, ನಾಣ್ಯ ಹೆಚ್ಚು ಹಾಕಿದರೆ ಚಿಲ್ಲರೆಯನ್ನೂ ಕೊಡುವುದಿಲ್ಲ. ಲುವಾಸಿನಲ್ಲಿ ಹತ್ತುವಾಗ ಮುಟ್ಟಿಸಿದಂತೆ ಇಳಿದ ಮೇಲೂ ಕಾರ್ಡು ಮುಟ್ಟಿಸಬೇಕು. ರಾತ್ರಿಯ ಮಂಪರಿನಲ್ಲಿ ಇದನ್ನೇ ಎಲ್ಲರೂ ಮರೆಯುವುದು.

ಇನ್ನು ಬಾಗಿಲು. ಇಲ್ಲಿನ ಹೆಚ್ಚಿನ ಮನೆಗಳ ಪ್ಲಾಸ್ಟಿಕ್ ಚೌಕಟ್ಟಿನ ಬಾಗಿಲಿಗೆ ಹಿಡಿಯನ್ನು ಮೇಲಕ್ಕೆ ಎತ್ತಿ, ಆಮೇಲೆ ಬೀಗದ ಕೈ ತಿರುಗಿಸಿದರೆ ಮಾತ್ರ ಬೀಗ ಬೀಳುತ್ತದೆ. ಇದು ಒಂದೇ ದಿನಕ್ಕೆ ಅಭ್ಯಾಸವಾಗುತ್ತದೆ. ತೊಂದರೆ ಕೊಡುವುದು ಒಳಗಿನ ಬೀಗದ ಕೈ. ಮನೆಯವರು ರಾತ್ರಿ ಬೀಗ ಹಾಕಿ ಬೀಗದ ಕೈಯನ್ನು ಅಲ್ಲೇ ಬಿಟ್ಟು ಮಲಗಿದರೆ, ಎಷ್ಟೋ ಬೀಗಗಳಲ್ಲಿ ಹೊರಗಿನಿಂದ ನಿಮ್ಮದು ತಿರುಗುವುದೇ ಇಲ್ಲ. ಎರಡು ಗಂಟೆ ರಾತ್ರಿಯಲ್ಲಿ ಗಂಟೆ ಬಾರಿಸುವುದೊಂದೇ ದಾರಿ. ಕೋಣೆ ನೋಡಲು ಹೋದಾಗಲೇ ‘ರಾತ್ರಿ ಕೀ ಎಲ್ಲಿಡುತ್ತೀರಿ’ ಅಂತ ಕೇಳಿಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಎರಡನೆಯದು ಕಳ್ಳರ ಅಲಾರಮ್ಮು. ಮಲಗುವಾಗ ಹಲವರು ಅದನ್ನು ಕೆಳಮಹಡಿಗೆ ಮಾತ್ರ ಚಾಲೂ ಮಾಡುತ್ತಾರೆ. ನೀವು ಒಳಗೆ ಕಾಲಿಟ್ಟ ಕೂಡಲೇ ಎಣಿಕೆ ಶುರುವಾಗಿ, ಕೆಲವೇ ಸೆಕೆಂಡುಗಳಲ್ಲಿ ಅಂಕಿ ಒತ್ತದಿದ್ದರೆ ಇಡೀ ಬೀದಿ ಎದ್ದು ಕೂರುತ್ತದೆ. ಆ ಅಂಕಿಯನ್ನು ವಿದ್ಯಾರ್ಥಿಗೆ ಕೊಡಲು ಒಪ್ಪದ ಮನೆಯಾದರೆ ಅಲ್ಲಿ ರಾತ್ರಿಯ ಓಡಾಟವೇ ಇಲ್ಲ ಅಂದುಕೊಳ್ಳಿ. ಕರಾರಿನಲ್ಲಿ ‘ಸಮಯದ ನಿರ್ಬಂಧವಿಲ್ಲ’ ಅಂತ ಬರೆದಿದ್ದರೂ ಅಷ್ಟೇ.

ಒಳಗೆ ಬಂದಾಯಿತು. ಹೀಟಿಂಗ್ ಟೈಮರಿನ ಮೇಲೆ ನಡೆಯುತ್ತದೆ: ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು, ಮನೆಯವರು ಮಲಗುವ ಹೊತ್ತಿಗೆ ಬಂದ್. ಹಳೆಯ ಮನೆಯಾದರೆ ರಾತ್ರಿ ಒಂದು ಗಂಟೆಗೆ ಕೋಣೆ ತಣ್ಣಗೆ ಕೊರೆಯುತ್ತಿರುತ್ತದೆ. ಸ್ವಂತ ಎಲೆಕ್ಟ್ರಿಕ್ ಹೀಟರ್ ತಂದಿಡುವುದನ್ನು ಬಹುತೇಕರು ಒಪ್ಪುವುದಿಲ್ಲ, ಕರೆಂಟು ದುಬಾರಿ. ರಬ್ಬರಿನ ಬಿಸಿನೀರಿನ ಚೀಲ ಒಂದು ಕೊಂಡರೆ ಕೆಲಸ ನಡೆಯುತ್ತದೆ.

ಸ್ನಾನದ ನೀರಿನ ವಿಷಯ ಬಿಡಿಸಿ ಹೇಳಬೇಕು, ಮನೆಯೊಡತಿಗೂ ವಿದ್ಯಾರ್ಥಿಗೂ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಇಲ್ಲೇ. ‘ಹಾಟ್ ಪ್ರೆಸ್’ ಅನ್ನುವ ಕಪಾಟಿನೊಳಗೆ ತಾಮ್ರದ ದೊಡ್ಡ ಹಂಡೆಯಂಥ ಸಿಲಿಂಡರ್ ಇರುತ್ತದೆ. ಅದಕ್ಕೆ ‘ಇಮ್ಮರ್ಶನ್’ ಸ್ವಿಚ್ಚು, ಸ್ವಿಚ್ಚಿನ ಮೇಲೆ ‘ಸಿಂಕ್’ ಮತ್ತು ‘ಬಾತ್’ ಅಂತ ಎರಡು ಗುರುತು. ಸಿಂಕ್ ಒತ್ತಿದರೆ ಮೇಲಿನ ಗಿಡ್ಡ ಕಾಯಿಲು (ನೀರು ಕಾಯಿಸುವ ಕರೆಂಟಿನ ಸುರುಳಿ) ಹಂಡೆಯ ತಲೆಭಾಗದ ನೀರನ್ನಷ್ಟೇ ಕಾಯಿಸುತ್ತದೆ. ಪಾತ್ರೆ, ಮುಖ ತೊಳೆಯಲು ಅಷ್ಟು ಸಾಕು. ಬಾತ್ ಒತ್ತಿದರೆ ಉದ್ದದ ಕಾಯಿಲು ಪೂರ್ತಿ ಹಂಡೆ ಕಾಯಿಸುತ್ತದೆ. ಮೂರು ಕಿಲೋವ್ಯಾಟಿನ ಕಾಯಿಲಿಗೆ ನೂರಿಪ್ಪತ್ತು ಲೀಟರು ಚೆನ್ನಾಗಿ ಕಾಯಿಸಲು ಹತ್ತಿರ ಹತ್ತಿರ ಎರಡು ಗಂಟೆ, ಅಂದರೆ ಆರು ಯೂನಿಟ್ಟು. ಆರಿಸಲು ಮರೆತರೆ ಥರ್ಮೋಸ್ಟ್ಯಾಟ್ ತಾನಾಗಿ ನಿಲ್ಲಿಸುತ್ತದೆ ನಿಜ. ಆದರೆ ಹಂಡೆ ಆರಿದಾಗಲೆಲ್ಲ ಮತ್ತೆ ಹತ್ತಿಕೊಳ್ಳುತ್ತಾ ರಾತ್ರಿಯಿಡೀ ಮೀಟರು ಓಡುತ್ತದೆ. ಐರ್ಲೆಂಡಿನಲ್ಲಿ ‘ಇಮ್ಮರ್ಶನ್ ಆರಿಸಿದೆಯಾ’ ಅನ್ನುವುದು ಪ್ರತಿ ತಾಯಿಯ ಬಾಯಲ್ಲೂ ಬರುವ ಮಾತು, ಅದಕ್ಕೆ ಕಾರಣ ಇದೇ.

ಶವರು ಬಹಳ ಕಡೆ ಬೇರೆಯದೇ ವ್ಯವಸ್ಥೆ. ಗೋಡೆಯ ಎಲೆಕ್ಟ್ರಿಕ್ ಪೆಟ್ಟಿಗೆ ತಣ್ಣೀರನ್ನು ಆಗಿಂದಾಗ್ಗೆ ಕಾಯಿಸುತ್ತದೆ. ಬಚ್ಚಲಿನ ಚಾವಣಿಯಿಂದ ಇಳಿಬಿಟ್ಟ ದಾರ ಎಳೆದರೆ ಮಾತ್ರ ಅದಕ್ಕೆ ಕರೆಂಟು. ನೀರು ಅಟ್ಟದ ತೊಟ್ಟಿಯಿಂದ ಬರುವುದರಿಂದ ಒತ್ತಡ ಕಡಿಮೆ, ಅದಕ್ಕಾಗಿ ಪೆಟ್ಟಿಗೆಯೊಳಗೇ ಪಂಪು. ಆ ಪಂಪಿನ ಗುರ್ ಅನ್ನುವ ಸದ್ದು ಪಕ್ಕದ ಕೋಣೆಯ ಗೋಡೆಯನ್ನು ದಾಟುತ್ತದೆ. ಹಾಗಾಗಿ ರಾತ್ರಿ ಹನ್ನೊಂದರ ಮೇಲೆ ಶವರು ಬೇಡ ಅಂದರೆ ಅದನ್ನು ಜಿಪುಣತನ ಅನ್ನಲಾಗದು. ಅಟ್ಟದ ತೊಟ್ಟಿಯ ನೀರೇ ಬಚ್ಚಲಿನ ನಲ್ಲಿಗೂ ಬರುತ್ತದೆ, ಅದನ್ನು ಕುಡಿಯಬಾರದು. ಕುಡಿಯುವುದು ಅಡುಗೆಮನೆಯ ತಣ್ಣೀರಿನ ನಲ್ಲಿಯದು ಮಾತ್ರ. ಮೇಲೆ ಹತ್ತುವ ಮುನ್ನ ಬಾಟಲಿ ತುಂಬಿಸಿಕೊಂಡೇ ಹೋಗಿ.

ಊಟದ ಬಗ್ಗೆ ಎರಡೇ ಮಾತು. ‘ಹಾಫ್ ಬೋರ್ಡ್’ ಅಂದರೆ ಬೆಳಗಿನ ತಿಂಡಿ ಮತ್ತು ರಾತ್ರಿಯೂಟ. ಆ ರಾತ್ರಿಯೂಟ ಸಂಜೆ ಆರಕ್ಕೇ ಮುಗಿದಿರುತ್ತದೆ. ಸಂಜೆ ಕ್ಲಾಸು, ಪಾರ್ಟ್‌ಟೈಮ್ ಕೆಲಸ ಇರುವವರಿಗೆ ಅದು ದಂಡ. ಅಡುಗೆಮನೆ ಬಳಸಲು ಬಿಡುವ ಕೋಣೆಯೇ ಒಳ್ಳೆಯದು, ಆದರೆ ಒಗ್ಗರಣೆಯ ಹೊಗೆಗೆ ಇಲ್ಲಿನ ಸ್ಮೋಕ್ ಅಲಾರಮ್ಮು ತಟ್ಟನೆ ಕೂಗುತ್ತದೆ. ಎಣ್ಣೆ ಕಾಯುವ ಮೊದಲೇ ಚಿಮಣಿ ಫ್ಯಾನು ಹಾಕಿ, ಹಜಾರದ ಬಾಗಿಲು ಮುಚ್ಚಿ.

ಪೇಟೆಯ ರಾತ್ರಿಗೆ ಬರೋಣ. ಪಬ್ಬುಗಳಿಂದ ತುಂಬಿದ ಟೆಂಪಲ್ ಬಾರ್ ಬಡಾವಣೆಯನ್ನು ನೋಡಲು ಒಮ್ಮೆ ಹೋಗಿ, ಕುಡಿಯಲು ಬೇಡ. ಅಲ್ಲಿನ ಬೆಲೆ ಪ್ರವಾಸಿಗಳ ಜೇಬಿಗೆ ಕಟ್ಟಿದ್ದು. ವಿದ್ಯಾರ್ಥಿಗಳು ಸೇರುವುದು ವೆಕ್ಸ್‌ಫರ್ಡ್ ಸ್ಟ್ರೀಟ್, ಕ್ಯಾಮ್ಡನ್ ಸ್ಟ್ರೀಟ್, ಹಾರ್ಕೋರ್ಟ್ ಸ್ಟ್ರೀಟಿನ ಸಾಲಿನಲ್ಲಿ. ಹಾರ್ಕೋರ್ಟಿಗೆ ಲುವಾಸ್ ಹಸಿರು ಮಾರ್ಗದ ನಿಲ್ದಾಣವೇ ಇದೆ. ವೆಕ್ಸ್‌ಫರ್ಡ್ ಸ್ಟ್ರೀಟಿನ ವೀಲನ್ಸ್‌ನಲ್ಲಿ ಬ್ಯಾಂಡುಗಳ ಸಂಗೀತ, ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್‌ನಲ್ಲಿ ಐರಿಷ್ ಜನಪದ ವಾದ್ಯಗೋಷ್ಠಿ. ಗೋಷ್ಠಿಯಲ್ಲಿ ನುಡಿಸುವವರು ಮೂಲೆಯ ಮೇಜಿನ ಸುತ್ತ ಕೂತಿರುತ್ತಾರೆ. ಆ ಕುರ್ಚಿಗಳು ಖಾಲಿ ಕಂಡರೂ ಕೂರಬೇಡಿ, ನುಡಿಸುವಾಗ ಜೋರಾಗಿ ಮಾತಾಡಬೇಡಿ. ಕುಡಿಯದವರಿಗೂ ಡಬ್ಲಿನ್ನಿನಲ್ಲಿ ಸಿಗುವ ಒಳ್ಳೆಯ ರಾತ್ರಿ ಇದೇ ಎಂಬುದು ನಮ್ಮ ಎಣಿಕೆ.

ಸಾಮಾನ್ಯ ಪಬ್ಬಿನಲ್ಲಿ ಮಾರಾಟ ಸೋಮವಾರದಿಂದ ಗುರುವಾರ ರಾತ್ರಿ ಹನ್ನೊಂದೂವರೆವರೆಗೆ, ಶುಕ್ರವಾರ-ಶನಿವಾರ ಹನ್ನೆರಡೂವರೆವರೆಗೆ, ಭಾನುವಾರ ಹನ್ನೊಂದರವರೆಗೆ. ಮೇಲೆ ಲೋಟ ಮುಗಿಸಲು ಅರ್ಧ ಗಂಟೆ. ವಿಶೇಷ ಪರವಾನಗಿಯ ಲೇಟ್ ಬಾರು, ಕ್ಲಬ್ಬುಗಳು ಎರಡೂವರೆವರೆಗೆ. ಇವೆಲ್ಲವೂ ಒಂದೇ ಹೊತ್ತಿಗೆ ಮುಚ್ಚುವುದರಿಂದ ಎರಡೂವರೆಗೆ ಬೀದಿ ತುಂಬಾ ಟ್ಯಾಕ್ಸಿಗೆ ಕೈಚಾಚಿದವರೇ. ಎರಡು ಗಂಟೆಗೇ ಹೊರಬಿದ್ದರೆ ಗೆದ್ದಿರಿ. ಟ್ಯಾಕ್ಸಿ ದರ ಸರ್ಕಾರ ಕಟ್ಟಿದ ಮೀಟರಿನದು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಹೆಚ್ಚು. ಎಲ್ಲ ಟ್ಯಾಕ್ಸಿಯವರೂ ಕಾರ್ಡು ತೆಗೆದುಕೊಳ್ಳಲೇಬೇಕು. ಕಾರಿನಲ್ಲಿ ವಾಂತಿ ಮಾಡಿದರೆ 140 ಯೂರೋವರೆಗೆ ದಂಡ ಕೇಳುವ ಹಕ್ಕು ಚಾಲಕನಿಗಿದೆ.

ಹದಿನೆಂಟು ತುಂಬಿದ್ದರೂ ‘21ಕ್ಕೆ ಮೇಲ್ಪಟ್ಟವರಿಗೆ’ ಅಂತ ಬಾಗಿಲಲ್ಲೇ ತಡೆಯುವ ಜಾಗಗಳಿವೆ. ವಿದ್ಯಾರ್ಥಿಗಳಿಗೆ ಕೊಡುವ ಐಆರ್‌ಪಿ ನಿವಾಸ ಕಾರ್ಡು ಕಾನೂನಿನ ಪ್ರಕಾರ ಗುರುತಿನ ಚೀಟಿಯಲ್ಲ, ಬಾಗಿಲಿನವರು ಬೇಡ ಅನ್ನಬಹುದು. ಪಾಸ್‌ಪೋರ್ಟನ್ನು ಪಬ್ಬಿಗೆ ಒಯ್ದು ಕಳೆದುಕೊಂಡವರ ಪಾಡು ಬೇಡ. ಪೊಲೀಸರು, ಅಂದರೆ ಗಾರ್ಡಾ ಕೊಡುವ ಏಜ್ ಕಾರ್ಡಿಗೆ ಅರ್ಜಿ ಹಾಕಿ.

ಒಂದು ಪಿಂಟು 568 ಮಿಲಿ. 4.2 ಶೇಕಡದ ಸ್ಟೌಟ್ ಅನ್ನುವ ಕಪ್ಪು ಬಿಯರ್ ಆದರೆ ಅದರಲ್ಲಿ ಸುಮಾರು 19 ಗ್ರಾಂ ಮದ್ಯಸಾರ, ಅಂದರೆ ಕುಡಿತ ಅಳೆಯಲು ಇಲ್ಲಿ ಬಳಸುವ ‘ಸ್ಟ್ಯಾಂಡರ್ಡ್ ಡ್ರಿಂಕ್’ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು. ಲೆಕ್ಕ ತಪ್ಪುವುದು ‘ರೌಂಡ್’ ಪದ್ಧತಿಯಲ್ಲಿ: ಒಬ್ಬರು ಎಲ್ಲರಿಗೂ ಕೊಳ್ಳುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಐದು ಜನರ ಗುಂಪಿಗೆ ಸೇರಿದರೆ ಐದು ಪಿಂಟು ಕುಡಿದೇ ಏಳಬೇಕು, ಐದು ಪಿಂಟಿಗೆ ದುಡ್ಡೂ ತೆರಬೇಕು. ಬೇಡವಾದರೆ ಮೊದಲ ಲೋಟಕ್ಕೆ ಮುಂಚೆಯೇ ‘ನನ್ನದು ನಾನೇ ಕೊಳ್ತೀನಿ’ ಅನ್ನಿ. ನಡುವೆ ಎದ್ದರೆ ಮಾತ್ರ ಮುಖ ಸಿಂಡರಿಸುತ್ತಾರೆ. ಅಂಗಡಿಯಿಂದ ಕೊಂಡು ಮನೆಯಲ್ಲಿ ಕುಡಿಯುವ ಯೋಚನೆಗೆ ಎರಡು ಅಡ್ಡಿ. ಅಂಗಡಿಗಳು ರಾತ್ರಿ ಹತ್ತಕ್ಕೆ ಮದ್ಯದ ಮಾರಾಟ ನಿಲ್ಲಿಸಬೇಕು. ಜೊತೆಗೆ 2022ರ ಜನವರಿಯಿಂದ ಮದ್ಯಸಾರದ ಪ್ರತಿ ಗ್ರಾಮಿಗೆ ಕನಿಷ್ಠ 10 ಸೆಂಟ್ ಬೆಲೆ ಕಾಯ್ದೆಯಾಗಿದೆ, 12.5 ಶೇಕಡದ ವೈನ್ ಬಾಟಲಿ 7.40 ಯೂರೋಗಿಂತ ಕಡಿಮೆಗೆ ಸಿಗುವುದಿಲ್ಲ. ಡಿಗ್ಸ್ ಮನೆಗೆ ಗೆಳೆಯರನ್ನು ಕರೆತರುವ ಮಾತಂತೂ ಎತ್ತಲೇಬೇಡಿ.

ನಮ್ಮ ಅಂಕ: ಇಪ್ಪತ್ತನಾಲ್ಕು ಗಂಟೆಯ ಬಸ್ಸಿನ ಬೀದಿಯಲ್ಲಿ, ಏಳು ದಿನದ, ಅಡುಗೆಮನೆ ಬಿಟ್ಟುಕೊಟ್ಟ, ಅಲಾರಮ್ಮಿನ ಅಂಕಿ ಹೇಳಿಕೊಟ್ಟ ಡಿಗ್ಸಿಗೆ ಐದಕ್ಕೆ ನಾಲ್ಕು. ಬಸ್ಸಿಲ್ಲದ, ಐದು ದಿನದ, ಹಾಫ್ ಬೋರ್ಡ್ ಕೋಣೆಗೆ ಒಂದೂವರೆ. ಯಾವ ಡಿಗ್ಸಿಗೂ ಪೂರ್ತಿ ಐದು ಕೊಡಲಾಗದ್ದಕ್ಕೆ ಕಾರಣ ಕಾಯ್ದೆ. ಮನೆಯವರ ಜೊತೆಗಿರುವ ವಿದ್ಯಾರ್ಥಿ ಕಾನೂನಿನ ಕಣ್ಣಿಗೆ ಬಾಡಿಗೆದಾರನೇ ಅಲ್ಲ, ‘ಲೈಸೆನ್ಸಿ’ ಮಾತ್ರ. ಬಾಡಿಗೆ ವ್ಯಾಜ್ಯ ಬಿಡಿಸುವ ಆರ್‌ಟಿಬಿ ಮಂಡಳಿ ಇಂಥವರ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ನೋಟಿಸಿನ ಅವಧಿಯೂ ಕಾಯ್ದೆಯಲ್ಲಿ ಕಟ್ಟಿಟ್ಟಿಲ್ಲ, ಬರೆದುಕೊಂಡಷ್ಟೇ ಗಟ್ಟಿ. ಮನೆಯವರಿಗೆ ವರ್ಷಕ್ಕೆ 14,000 ಯೂರೋವರೆಗಿನ ಈ ಆದಾಯಕ್ಕೆ ತೆರಿಗೆಯಿಲ್ಲ. ಒಂದು ಯೂರೋ ಮೀರಿದರೂ ಇಡೀ ಮೊತ್ತಕ್ಕೆ ತೆರಿಗೆ. ಊಟ, ಬಟ್ಟೆ ಒಗೆತದ ದುಡ್ಡೂ ಅದರಲ್ಲೇ ಸೇರುತ್ತದೆ, ಇಬ್ಬರು ವಿದ್ಯಾರ್ಥಿಗಳಿದ್ದರೆ ಇಬ್ಬರದ್ದೂ. ಬಾಡಿಗೆ ಹೇಳುವಾಗ ಮನೆಯವರು ಯಾವ ಗೆರೆ ದಾಟದಂತೆ ನೋಡಿಕೊಳ್ಳುತ್ತಾರೆ ಅನ್ನುವುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಮುಂಗಡ ಕೊಡುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆಸಿಕೊಳ್ಳಿ: ನೋಟಿಸ್ ಎಷ್ಟು ವಾರ, ಮುಂಗಡ ಯಾವಾಗ ವಾಪಸ್ಸು, ಯಾವುದಕ್ಕೆ ಕಡಿತ, ವಾರಾಂತ್ಯ ಮತ್ತು ಕ್ರಿಸ್‌ಮಸ್ ರಜೆಯಲ್ಲಿ ಕೋಣೆ ಇರುತ್ತದೆಯೇ. ವಿಳಾಸದ ದಾಖಲೆಗೆ ಪತ್ರ ಬರೆದುಕೊಡುತ್ತಾರೆಯೇ ಅಂತಲೂ ಕೇಳಿ. ಅದಿಲ್ಲದೆ ಪಿಪಿಎಸ್ ಸಂಖ್ಯೆ (ಕೆಲಸ, ತೆರಿಗೆಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಬ್ಯಾಂಕ್ ಖಾತೆ ಎರಡೂ ಕಷ್ಟ. ದುಡ್ಡನ್ನು ಬ್ಯಾಂಕಿನ ಮೂಲಕವೇ ಕಳಿಸಿ, ಕೋಣೆ ಕಣ್ಣಾರೆ ನೋಡದೆ ಒಂದು ಯೂರೋನೂ ಬೇಡ. ಬಿಡುವಾಗ ಮುಂಗಡ ಕೊಡದೆ ಸತಾಯಿಸಿದರೆ 2,000 ಯೂರೋವರೆಗಿನ ಮೊತ್ತಕ್ಕೆ ಸ್ಮಾಲ್ ಕ್ಲೇಮ್ಸ್ ಕೋರ್ಟಿದೆ, ಅರ್ಜಿಗೆ 25 ಯೂರೋ. ಸಲಹೆಗೆ ‘ಥ್ರೆಶೋಲ್ಡ್’ ಅನ್ನುವ ಸೇವಾ ಸಂಸ್ಥೆ ದುಡ್ಡು ಕೇಳುವುದಿಲ್ಲ. ಅಲ್ಲಿಗೆ ಹೋಗುವಾಗ ಆ ಒಂದು ಹಾಳೆ ಮತ್ತು ಬಂದ ದಿನವೇ ತೆಗೆದ ಕೋಣೆಯ ಫೋಟೋಗಳು ಕೈಯಲ್ಲಿರಲಿ.