ತೇಪೆಯೋ, ಗುಜರಿ ಹಾರ್ನೆಸ್ಸೋ, ಹೊಸದೋ: ಟರ್ಬೊ ಕೂರಿಸಿದ ಹಳೆ ಪಿಕಪ್‌ನ ವೈರಿಂಗ್ ಹೋಲಿಕೆ

ಪುಣೆಯ ಸುತ್ತ ಓಡುವ ಹಳೆಯ ಮಹೀಂದ್ರ ಪಿಕಪ್‌ಗಳಲ್ಲಿ 2523 ಸಿಸಿ ಡಿಐ ಇಂಜಿನ್ ಇಳಿಸಿ, ಸ್ಕಾರ್ಪಿಯೋದ 2179 ಸಿಸಿ ಎಂಹಾಕ್ ಟರ್ಬೊ ಇಂಜಿನ್ ಕೂರಿಸಿದ ಗಾಡಿಗಳು ಅಲ್ಲಲ್ಲಿ ಸಿಗುತ್ತವೆ. ಬೆಳಗಾವಿ ಕಡೆ ಲೋಡ್ ಹೊಡೆಯುವವರಿಗೆ ಖಂಬಾಟಕಿ ಘಾಟ್ ಒಂದೇ ಸಾಕು, ಈ ಆಸೆ ಹುಟ್ಟಲು. ಇಂಜಿನ್ ಮೌಂಟಿಂಗ್, ಗೇರ್‌ಬಾಕ್ಸ್, ಇಂಟರ್‌ಕೂಲರ್ ಪೈಪು ಎಲ್ಲ ಅಚ್ಚುಕಟ್ಟು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದರೆ ಮಾತ್ರ ಹಕ್ಕಿಗೂಡು. ಇದ್ದ ವೈರಿಂಗಿಗೆ ತೇಪೆ, ಗುಜರಿಯಿಂದ ತಂದ ಹಾರ್ನೆಸ್ (ಗಾಡಿಯ ವೈರುಗಳ ಪೂರ್ತಿ ಕಟ್ಟು), ಇಲ್ಲವೇ ಹೊಸದಾಗಿ ಹೆಣೆದದ್ದು: ಅಂಥ ಒಂದು ಗಾಡಿಯ ಮೇಲೆ ಈ ಮೂರು ದಾರಿಯನ್ನೂ ಒಂದರ ಹಿಂದೆ ಒಂದು ಹಿಡಿದು ನೋಡಿದ ಲೆಕ್ಕ ಇದು.

ಯಾವ ದಾರಿಗೂ ಮೊದಲು ಮೀಟರ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್ ಕಂಬಕ್ಕೂ ಇಂಜಿನ್ ಬ್ಲಾಕಿಗೂ ನಡುವೆ 0.2 ವೋಲ್ಟ್ ಮೀರಬಾರದು. ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿಗೆ 0.5. ಈ ಗಾಡಿಯಲ್ಲಿ ಮೈನಸ್ ಕಡೆಯೇ 1.1 ವೋಲ್ಟ್ ತೋರಿಸಿತು. ಬ್ಲಾಕಿಗೆ ನೇರ ಅರ್ಥಿಂಗ್ ಇರಲೇ ಇಲ್ಲ. ಸೆಲ್ಫಿನ ಕರಂಟು ಚಾಸಿಸ್, ಕ್ಲಚ್ ಕೇಬಲ್, ಕೊನೆಗೆ ಇಸಿಎಂನ (ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ) ಅರ್ಥ್ ವೈರಿನ ಮೂಲಕವೂ ಮನೆಗೆ ಮರಳುತ್ತಿತ್ತು. ಇಂಥ ಗಾಡಿಗೆ "ಇಸಿಎಂ ಹೋಗಿದೆ" ಎಂದು ಹೇಳಿ ಕಳಿಸುವವರೇ ಹೆಚ್ಚು. ಬ್ಯಾಟರಿಯಿಂದ ಬ್ಲಾಕಿಗೆ 35 ಚದರ ಮಿಮೀ ಕೇಬಲ್, ಬ್ಲಾಕಿನಿಂದ ಚಾಸಿಸ್ಸಿಗೂ ಬಾಡಿಗೂ 16ರದ್ದು ಒಂದೊಂದು, ಪೇಂಟ್ ಕೆರೆದು ಹಲ್ಲಿನ ವಾಷರ್ ಹಾಕಿ ಬಿಗಿದು ಮೇಲೆ ವ್ಯಾಸಲಿನ್. ಇಸಿಎಂ ಅರ್ಥ್‌ಗಳು ಮಾತ್ರ ಗಾಡಿಯ ಬಾಡಿ ಲೋಹಕ್ಕೆ ಹೋಗದೆ ನೇರ ಬ್ಯಾಟರಿ ಮೈನಸ್‌ಗೆ. ಅರ್ಧ ದಿನದ ಈ ಕೆಲಸದಲ್ಲೇ ಅರ್ಧ ರೋಗ ಹೋಯಿತು.

ಉಳಿದರ್ಧದಲ್ಲಿ ದೊಡ್ಡದು ಇಗ್ನಿಷನ್ ಲೈನು. ಇಸಿಎಂಗೆ ಎಚ್ಚರದ ಕರಂಟನ್ನು ರೇಡಿಯೋ ಲೈನಿನಿಂದ ಎಳೆದಿದ್ದರು. ಕೀ ಸೆಲ್ಫಿಗೆ ತಿರುಗಿದಾಗ ರೇಡಿಯೋ ಲೈನು ಸಾಯುತ್ತದೆ, ಅದರ ಜೊತೆ ಇಸಿಎಂ ಕೂಡ. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಕೀ ಬಿಟ್ಟ ಕ್ಷಣ ಒಮ್ಮೆ ಕೆಮ್ಮುತ್ತದೆ. ಆ ಕೆಮ್ಮು ಕೇಳಿದರೆ ಡೀಸೆಲ್ ಪಂಪ್ ಬಿಚ್ಚಬೇಡಿ. ಕೀ ಆನ್‌ನಲ್ಲೂ ಸೆಲ್ಫಿನಲ್ಲೂ ಜೀವಂತ ಇರುವ 15ನೇ ನಂಬರ್ ಲೈನು ಹುಡುಕಿ.

ಈಗ ತೇಪೆ. ಇದ್ದ ವೈರಿಂಗನ್ನೇ ಇಟ್ಟುಕೊಂಡು ಜೋಡಣೆಗಳನ್ನು ಮಾತ್ರ ತಿದ್ದುವುದು. ಟೇಪ್ ಬಿಚ್ಚಿದಾಗ 23 ಜೋಡಣೆ ಸಿಕ್ಕವು. ತಿರುಚಿ ಟೇಪ್ ಸುತ್ತಿದ್ದು ಕೆಲವು, ಬೆಸುಗೆ ಹಾಕಿದ್ದು ಕೆಲವು, ಉಳಿದದ್ದು ವೈರನ್ನು ಕಚ್ಚಿ ಹಿಡಿಯುವ ನೀಲಿ ಕ್ಲಿಪ್. ಆ ಕ್ಲಿಪ್ ಎಳೆಗಳನ್ನು ಕತ್ತರಿಸುತ್ತದೆ, ಮಳೆಗಾಲದ ನೀರು ಅಲ್ಲಿಂದಲೇ ಒಳಗೆ ಹರಿದು ತಾಮ್ರ ಒಂದು ಗೇಣಿನಷ್ಟು ಕಪ್ಪಾಗುತ್ತದೆ. ಬೆಸುಗೆಯೂ ಇಂಜಿನ್ ಬಳಿ ಬೇಡ: ಸೀಸ ಎಳೆಗಳೊಳಗೆ ಏರಿ ಗಟ್ಟಿಯಾಗುತ್ತದೆ, ಗಟ್ಟಿ ಮುಗಿದು ಮೆದು ಶುರುವಾಗುವ ಗಡಿಯಲ್ಲೇ ಅದುರಿ ಮುರಿಯುತ್ತದೆ. ಒಳಗೆ ಅಂಟಿರುವ ಹೀಟ್ ಸ್ಲೀವ್ ಹಾಕಿದ ಕ್ರಿಂಪ್ (ಲೋಹದ ತೋಳಿನಲ್ಲಿ ವೈರಿಟ್ಟು ಒತ್ತಿ ಬಿಗಿದ ಜೋಡಣೆ) ಒಂದೇ ನಂಬಿಗಸ್ತ.

ದೀಪ, ಹಾರ್ನ್, ಹೀಟರ್ ಪ್ಲಗ್ (ತಣ್ಣಗಿನ ಇಂಜಿನ್ ಹಿಡಿಯಲು ಬಿಸಿ ಕೊಡುವುದು), ರಿಲೇ ಕಡೆ ತೇಪೆ ಚೆನ್ನಾಗಿ ಬಾಳುತ್ತದೆ. ಸೋಲುವುದು ಸೆನ್ಸರ್ ವೈರುಗಳಲ್ಲಿ. ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ ಅಳೆಯುವ ರೇಲ್ ಪ್ರೆಷರ್ ಸೆನ್ಸರ್ 0.5ರಿಂದ 4.5 ವೋಲ್ಟ್ ನಡುವೆ ಮಾತಾಡುತ್ತದೆ. 1800 ಬಾರ್‌ನ ಸೆನ್ಸರ್ ಆದರೆ ಅರ್ಥ್ ಜೋಡಣೆಯಲ್ಲಿ 0.1 ವೋಲ್ಟ್ ಸೋರಿದರೆ 45 ಬಾರ್ ಸುಳ್ಳು. ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಇನ್ನೂ ಸೂಕ್ಷ್ಮ. ಎರಡೂ ವೈರನ್ನು ಹೆಣೆದು ಕವಚದೊಳಗೆ ಕಳಿಸಿರುತ್ತಾರೆ. ತೇಪೆ ಹಾಕುವವರು ಮೊದಲು ಕತ್ತರಿಸುವುದು ಆ ಕವಚವನ್ನೇ. ಆಮೇಲೆ 2,500 ಆರ್‌ಪಿಎಂ ದಾಟಿದಾಗ ಗಾಡಿ ತಡವರಿಸುತ್ತದೆ, ಎಲ್ಲರೂ ಟರ್ಬೊವನ್ನು ಬೈಯುತ್ತಾರೆ. ಎರಡು ದಿನ ಕೂತು ತೇಪೆ ಹಾಕಿದ ಗಾಡಿ ಓಡಿತು. ಮೊದಲ ಜೋರು ಮಳೆಗೆ ಲಿಂಪ್ ಮೋಡ್: ಇಸಿಎಂ ತಾನೇ ಇಂಜಿನ್ ಶಕ್ತಿ ತಗ್ಗಿಸಿತು.

ಎರಡನೆಯದು ದಾನಿ ಗಾಡಿಯ, ಅಂದರೆ ಗುಜರಿಗೆ ಬಿದ್ದ ಸ್ಕಾರ್ಪಿಯೋದ, ಪೂರ್ತಿ ಹಾರ್ನೆಸ್. ಇಲ್ಲಿ ಗುಜರಿಗೆ ಭಂಗಾರ್ ಅನ್ನುತ್ತಾರೆ. ಕನ್ನಡದ ಕಿವಿಗೆ ಬಂಗಾರ ಎಂದೇ ಕೇಳಿಸುತ್ತದೆ, ಬೆಲೆ ಹೇಳಿದ ಮೇಲೆ ಕಿವಿಯೇ ಸರಿ ಅನ್ನಿಸುತ್ತದೆ. ಬುಧವಾರ, ಭಾನುವಾರದ ಜೂನಾ ಬಜಾರಿನಲ್ಲಿ (ಪುಣೆಯ ಹಳೆ ಸಾಮಾನಿನ ಸಂತೆ) ರಿಲೇ, ಕಪ್ಲರ್ (ವೈರು ಸೇರಿಸುವ ಪ್ಲಗ್) ಸಿಗಬಹುದು. ಇಡೀ ಹಾರ್ನೆಸ್ ಬೇಕಿದ್ದರೆ ಗಾಡಿ ಒಡೆಯುವ ಗೋದಾಮಿಗೇ ಹೋಗಬೇಕು, ಒಡೆಯುವ ಮೊದಲೇ ಹೇಳಿಡಬೇಕು. ಕೊಡಲಿಯಲ್ಲಿ ಕಡಿದದ್ದು ಹಾರ್ನೆಸ್ ಅಲ್ಲ. ಜೊತೆಗೆ ಇಸಿಎಂ, ತನ್ನ ಕೀ ಗುರುತಿಸದೆ ಇಂಜಿನ್ ಹಿಡಿಯಗೊಡದ ಇಮೊಬಿಲೈಸರ್ ಡಬ್ಬಿ, ಲಾಕಿನ ಸುತ್ತಿನ ಆಂಟೆನಾ ಉಂಗುರ, ಚಿಪ್ ಇರುವ ಅದೇ ಕೀ, ಆಕ್ಸಿಲರೇಟರ್ ಪೆಡಲ್, ಫ್ಯೂಸ್ ಬಾಕ್ಸ್ ಎಲ್ಲ ಒಂದೇ ಗಾಡಿಯದ್ದಾಗಿರಲಿ. ಕೀ ಕಳೆದ ಸೆಟ್ಟು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಮನೆಗೆ ತಂದು ತೆಳ್ಳಗೆ ಮಾಡುವುದೇ ಮುಖ್ಯ ಕೆಲಸ. ಏರ್‌ಬ್ಯಾಗ್, ಎಬಿಎಸ್, ಪವರ್ ವಿಂಡೋ ವೈರುಗಳನ್ನು ತುದಿಯಿಂದ ತುದಿಗೆ ಹಿಂಬಾಲಿಸಿ ತೆಗೆಯಬೇಕು, ಮಧ್ಯೆ ಕತ್ತರಿಸಬಾರದು. ಕ್ಲಚ್ ಸ್ವಿಚ್, ಬ್ರೇಕ್ ಸ್ವಿಚ್ ಉಳಿಸಿ. ಬ್ರೇಕ್ ಸ್ವಿಚ್ಚಿನಲ್ಲಿ ಎರಡು ಸಂಪರ್ಕ, ಒಂದು ಸೇರಿದಾಗ ಇನ್ನೊಂದು ಬಿಡುವಂಥದ್ದು. ಪಿಕಪ್‌ನ ಹಳೆ ಸ್ವಿಚ್ಚಿಗೆ ಒಂದೇ ಇರುತ್ತದೆ, ಆದ್ದರಿಂದ ಸ್ವಿಚ್ಚೂ ದಾನಿಯದ್ದೇ. ಪ್ರತಿ ವೈರಿಗೂ ಎರಡೂ ತುದಿ ಕಳಚಿ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಚ್ಚಿ ನೋಡಿ, ದಪ್ಪ ವೈರಿಗೆ ಹೆಡ್‌ಲೈಟಿನ 55 ವ್ಯಾಟ್. ಒಳಗೆ ಕೊಳೆತ ವೈರು ಮೀಟರಿನಲ್ಲಿ ಬೀಪ್ ಅನ್ನುತ್ತದೆ, ಬಲ್ಬಿನಲ್ಲಿ ಮಾತ್ರ ಮಂಕು.

ಪಿಕಪ್‌ನ ಹಳೆ ಡಯಲ್‌ಗಳನ್ನು ಇಸಿಎಂನ ಸೆನ್ಸರಿಗೆ ಸೇರಿಸುವ ಚಾಳಿ ಎಲ್ಲೆಡೆ ಇದೆ. ನೀರಿನ ಉಷ್ಣತೆಯ ಸೆನ್ಸರ್ ಬಾಷ್ ಜಾತಿಯದ್ದಾದರೆ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್, 80ರಲ್ಲಿ ಸುಮಾರು 320 ಓಮ್. ಅದಕ್ಕೆ 12 ವೋಲ್ಟಿನ ಡಯಲ್ ಸೇರಿಸಿದರೆ ಇಸಿಎಂಗೆ ಸಿಗುವ ಲೆಕ್ಕವೇ ಹುಸಿ. ಡಯಲ್‌ಗೆ ಬೇರೆ ಸೆನ್ಸರ್, ಬೇರೆ ತೂತು. ಚಾರ್ಜಿಂಗ್ ದೀಪಕ್ಕೆ ಎಲ್ಇಡಿ ಹಾಕಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಐಡಲಿನಲ್ಲಿ ಏಳುವುದಿಲ್ಲ, ಅದನ್ನು ಎಬ್ಬಿಸುವುದು ಆ ದೀಪದ ಮೂಲಕ ಹರಿಯುವ ಕರಂಟು. ಪಕ್ಕದಲ್ಲಿ 47 ಓಮ್, 5 ವ್ಯಾಟಿನ ರೆಸಿಸ್ಟರ್ ಕೊಡಿ.

ಹೊಸದಾಗಿ ಹೆಣೆಯುವುದು ನೋಡಲು ಎಲ್ಲಕ್ಕಿಂತ ಚಂದ. ಪುಣೆಯ ಎಲೆಕ್ಟ್ರಿಕ್ ಸಾಮಾನಿನ ಬೀದಿ ತಪಕೀರ್ ಗಲ್ಲಿಯಲ್ಲಿ ವೈರು, ಸ್ಲೀವ್ ಕೊಂಡು, ಹಲಗೆಗೆ ಮೊಳೆ ಹೊಡೆದು, 0.75 ಚದರ ಮಿಮೀ ಸೆನ್ಸರಿಗೆ, 2.5 ಇಸಿಎಂ ಕರಂಟಿಗೆ, 10 ಹೀಟರ್ ಪ್ಲಗ್‌ಗೆ. ಇಂಜೆಕ್ಟರ್ ಜೋಡಿಗಳನ್ನು ಬೇರೆಬೇರೆ ಹೆಣೆಯಬೇಕು, ಕ್ರ್ಯಾಂಕ್ ಕವಚವನ್ನು ಇಸಿಎಂ ತುದಿಯಲ್ಲಿ ಮಾತ್ರ ಅರ್ಥ್ ಮಾಡಬೇಕು. ಸುತ್ತಲು ಬಟ್ಟೆ ಟೇಪು. ಪಿವಿಸಿ ಟೇಪ್ ಬಿಸಿಗೆ ಬೆಲ್ಲದ ಪಾಕವಾಗುತ್ತದೆ. ತೊಡಕು ಬೇರೆಡೆ: ಇಸಿಎಂ ಕಪ್ಲರಿನ ಟರ್ಮಿನಲ್‌ಗಳು ಬಿಡಿಯಾಗಿ ಸಿಗುವುದು ಕಷ್ಟ. ಗುಜರಿಯಿಂದ ಬಾಲದ ಸಮೇತ ಕಪ್ಲರ್ ತಂದು 15 ಸೆಂಮೀ ಆಚೆ ಜೋಡಿಸಬೇಕು. ಅಂದರೆ ಪ್ರತಿ ಸೆನ್ಸರ್ ವೈರಿಗೂ ಒಂದು ಜೋಡಣೆ, ಯಾವುದನ್ನು ತಪ್ಪಿಸಲು ಹೊರಟಿದ್ದೆವೋ ಅದೇ. ಜೋಡಣೆಗಳನ್ನು 3 ಸೆಂಮೀ ಅಂತರದಲ್ಲಿ ಹಂಚಿ ಗಂಟು ಕಟ್ಟದಂತೆ ನೋಡಿಕೊಂಡರೂ ಒಂದು ವಾರ ಹಿಡಿಯಿತು.

ಗಾಡಿಯ ಮೇಲೆ ಕೊನೆಗೆ ಉಳಿದದ್ದು ದಾನಿ ಹಾರ್ನೆಸ್, ನಾಲ್ಕು ದಿನದ ಕೆಲಸ. ಹೊಸದನ್ನು ಹೆಣೆಯಬೇಕಾದದ್ದು ದಾನಿ ಸೆಟ್ ಸಿಗದಿದ್ದಾಗ ಮಾತ್ರ. ಎಲೆಕ್ಟ್ರಾನಿಕ್ಸೇ ಬೇಡ ಅನ್ನುವವರಿಗೆ ಮೆಕ್ಯಾನಿಕಲ್ ಪಂಪಿನ ಟರ್ಬೊ ಇದೆ, ಇಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡಿಗೆ ಒಂದೇ ವೈರು. ಅದರ ಹೊಗೆಯನ್ನು ಪಿಯುಸಿಯವರ ಮುಂದೆ ನೀವೇ ವಿವರಿಸಿಕೊಳ್ಳಿ. ಯಾವ ದಾರಿ ಹಿಡಿದರೂ ಇಂಜಿನ್ ಬದಲಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಇಂಜಿನ್ ನಂಬರ್ ಆರ್‌ಸಿಯಲ್ಲಿ ಏರಬೇಕು.

ಮುಗಿದ ಮೇಲೆ ಕೀ ಆಫ್ ಮಾಡಿ, ಇಸಿಎಂ ಮಲಗಲು ಒಂದೆರಡು ನಿಮಿಷ ಬಿಟ್ಟು, ಬ್ಯಾಟರಿಯ ಸಾಲಿನಲ್ಲಿ ಮೀಟರ್ ಹಾಕಿ: 50 ಮಿಲಿಆಂಪ್ ಒಳಗಿರಬೇಕು. ಆಮೇಲೆ ಇಂಜಿನ್ ಐಡಲಿನಲ್ಲಿಟ್ಟು ಹಾರ್ನೆಸ್ಸನ್ನು ಒಂದೊಂದು ಗೇಣು ಅಲುಗಿಸಿ, ಸ್ಪ್ರೇ ಬಾಟಲಿಯಿಂದ ಕಪ್ಲರ್‌ಗಳಿಗೆ ನೀರು ಚಿಮುಕಿಸಿ. ಇಂಜಿನ್ ಮುಗ್ಗರಿಸಿದ ಜಾಗದಲ್ಲಿ ಟೇಪ್ ಬಿಚ್ಚಿ.